ಐದು ಬೆರಳಿನ ಬಾಗಿಲು

ಮಾರ್ಚ್ ೪

ಎರಡನೇ ಮಹಡಿ, ಏಳನೇ ಕೊಠಡಿಯ ಅಜ್ಜಿಯವರ ಏಕಮಾತ್ರ ಪುತ್ರಿಯಾದ ಮಾನ್ಯರಿಗೆ,

ನಮಸ್ಕಾರ. ನೀವು ನನ್ನನ್ನು ನೋಡಿಲ್ಲ. ಆದರೆ ನನ್ನ ಬಲಗೈಯ ನಾಲ್ಕು ಬೆರಳುಗಳನ್ನು ನಮ್ಮ ಕಚೇರಿಯವರು ಕಳಿಸಿದ ಫೋಟೋದಲ್ಲಿ ನೋಡಿದ್ದೀರಿ. ನಿಮ್ಮ ತಾಯಿಯವರ ಮಣಿಕಟ್ಟಿನ ಮೇಲೆ ಅವು ನೀಲಿಯಾಗಿ ಮೂಡಿದ್ದವು. ಆ ಬೆರಳುಗಳಿಗೆ ಅಂಟಿಕೊಂಡು ಉಳಿದ ಭಾಗವೂ ಒಂದಿದೆ, ಅದಕ್ಕೆ ಬಾಯಿಯೂ ಇದೆ ಎಂದು ತಿಳಿಸಲು ಈ ಪತ್ರ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾನು ಕಿರುಚುತ್ತೇನೆ, ನೀವು ಕಟ್ ಮಾಡುತ್ತೀರಿ. ಕಾಗದವಾದರೆ ಹೆಚ್ಚೆಂದರೆ ಹರಿದು ಹಾಕುತ್ತೀರಿ. ಹರಿಯುವ ಮುಂಚೆ ಒಂದೆರಡು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಸಿಬ್ಬಂದಿ ಮನೆಯವರಿಗೆ ನೇರವಾಗಿ ಬರೆಯಬಾರದೆಂದು ಇಲ್ಲಿ ನಿಯಮವಿದೆ. ಕೆಲಸವೇ ಹೋಗುವುದರಲ್ಲಿದೆ, ನಿಯಮವೊಂದನ್ನು ಉಳಿಸಿಕೊಂಡು ನಾನು ಉಪ್ಪಿನಕಾಯಿ ಹಾಕಲೇ?

ಈ ಆರೈಕೆ ಮನೆಯಲ್ಲಿ ನನಗೆ ಒಂಬತ್ತು ವರ್ಷವಾಯಿತು. ನಿಮ್ಮ ತಾಯಿಯವರು ಬಂದು ಎರಡು ವರ್ಷ. ಈ ಎರಡು ವರ್ಷದಲ್ಲಿ ಅವರಿಗೆ ಹಲ್ಲುಜ್ಜಿಸಿದ್ದೇನೆ, ಉಣ್ಣಿಸಿದ್ದೇನೆ, ಉಗುರು ಕತ್ತರಿಸಿದ್ದೇನೆ, ಹಾಸಿಗೆ ಒದ್ದೆಯಾದಾಗಲೆಲ್ಲ ಬದಲಿಸಿದ್ದೇನೆ. ಅವರು ನನ್ನನ್ನು ಕಳ್ಳಿ, ಕೊಳಕಿ, ಕತ್ತೆ ಎಂದು ಕರೆದಿದ್ದಾರೆ. ಇನ್ನು ಕೆಲವು ಪದಗಳನ್ನು ಅಂಚೆಯವರ ಕಣ್ಣಿಗೆ ಬೀಳಬಾರದೆಂದು ಬಿಟ್ಟಿದ್ದೇನೆ.

ಫೆಬ್ರುವರಿ ಹನ್ನೊಂದರಂದು ಬೆಳಗ್ಗೆ ಎಂಟೂಕಾಲಿಗೆ ಸ್ನಾನದ ಕೋಣೆಯಲ್ಲಿದ್ದೆವು. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಲು ಬಗ್ಗಿದೆ. ಅವರು ನನ್ನ ಜಡೆ ಹಿಡಿದು ಕೈಗೆ ಎರಡು ಸುತ್ತು ಸುತ್ತಿಕೊಂಡು ಎಳೆದರು. ಎಪ್ಪತ್ತೆಂಟು ವರ್ಷದ ಕೈಯಲ್ಲಿ ಅಷ್ಟು ಬಲ ಎಲ್ಲಿರುತ್ತದೋ ಆ ದೇವರಿಗೇ ಗೊತ್ತು. ನಲ್ಲಿಗೂ ನನ್ನ ಹಣೆಗೂ ನಡುವೆ ನಾಲ್ಕು ಬೆರಳು ಅಂತರ ಉಳಿದಿತ್ತು. ಆಗ ನಾನು ಅವರ ಮಣಿಕಟ್ಟು ಹಿಡಿದೆ. ಹೌದು, ಗಟ್ಟಿಯಾಗಿಯೇ ಹಿಡಿದೆ.

ನಿಮ್ಮ ದೂರಿನ ಪ್ರತಿಯನ್ನು ನನಗೆ ಕೊಟ್ಟಿದ್ದಾರೆ. ಅದರಲ್ಲಿ ಎರಡು ವಾಕ್ಯ ನನಗೆ ಬಾಯಿಪಾಠವಾಗಿದೆ. "ನಮ್ಮ ತಾಯಿ ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಅಂಥವರ ಮೇಲೆ ಹಲ್ಲೆ ಮಾಡಿದ ಆ ಹೆಂಗಸನ್ನು ಕೆಲಸದಿಂದ ತೆಗೆಯಬೇಕು."

ಮೇ ಇಪ್ಪತ್ತೆಂಟಕ್ಕೆ ವಿಚಾರಣೆ. "ಹಲ್ಲೆ" ಎಂಬ ಎರಡಕ್ಷರ ನನ್ನ ಕಡತಕ್ಕೆ ಬಿದ್ದರೆ, ಇಲ್ಲಿ ಮಾತ್ರ ಅಲ್ಲ, ಇನ್ನು ಯಾವ ಆರೈಕೆ ಮನೆಯ ಮೆಟ್ಟಿಲನ್ನೂ ನಾನು ಹತ್ತುವಂತಿಲ್ಲ. ನನಗೆ ಬರುವುದು ಇದೊಂದೇ ಕೆಲಸ. ವಿಚಾರಣೆಗೆ ಮೊದಲು ಒಂದೇ ಒಂದು ದಿನ ಬನ್ನಿ. ಬೆಳಗ್ಗೆ ಎಂಟೂಕಾಲಿಗೆ, ಸ್ನಾನದ ಹೊತ್ತಿಗೆ. ಹಳೆ ಬಟ್ಟೆ ಉಟ್ಟು ಬನ್ನಿ.

ಇಂತಿ,
ಆ ಹೆಂಗಸು


ಮಾರ್ಚ್ ೧೫

ಆರೈಕೆದಾರರಿಗೆ,

ನಿಮ್ಮ ಪತ್ರ ತಲುಪಿತು. ಅದರ ಧಾಟಿ ನನಗೆ ಹಿಡಿಸಲಿಲ್ಲ.

ನಮ್ಮ ತಾಯಿ ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡಿದವರು. ಊರಿಗೆ ಊರೇ ಅವರ ಮುಂದೆ ಸರತಿ ನಿಂತಿದೆ. ಒಬ್ಬರೂ ಅವರ ಬಗ್ಗೆ ಒಂದು ಮಾತು ಆಡಿಲ್ಲ. ಈಗ ಅವರಿಗೆ ಮರೆವಿನ ಕಾಯಿಲೆ. ತಾವು ಏನು ಮಾಡುತ್ತಿದ್ದೇವೆಂಬುದು ಅವರಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿರುತ್ತದೆ.

ನಾನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ದಿನಕ್ಕೆ ಎಂಟು ಜನ ನನ್ನನ್ನು ಲಾರಿಗೂ ಗೋಡೆಗೂ ನುಗ್ಗಿಸಲು ನೋಡುತ್ತಾರೆ. ಇದುವರೆಗೆ ಒಬ್ಬರ ಮಣಿಕಟ್ಟನ್ನೂ ನೀಲಿ ಮಾಡಿಲ್ಲ.

ನನಗೆ ಬರಲಾಗುವುದಿಲ್ಲ. ಇನ್ನು ಮುಂದೆ ಬರೆಯಬೇಡಿ.

ಇಂತಿ,
ರೋಗಿಯ ಮಗಳು


ಮಾರ್ಚ್ ೨೧

ಬರೆಯಬೇಡಿ ಎಂದವರಿಗೆ,

ಬರೆಯುತ್ತಿದ್ದೇನೆ. ನಿಮ್ಮ ಪಕ್ಕದಲ್ಲಿ ಕುಳಿತು ಲಾರಿಗೆ ನುಗ್ಗಿಸುವವರಿಗೂ ನನ್ನ ಕೆಲಸಕ್ಕೂ ಒಂದು ವ್ಯತ್ಯಾಸವಿದೆ ತಾಯಿ. ನಿಮ್ಮ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇರುತ್ತದೆ. ನನ್ನ ಸ್ನಾನದ ಕೋಣೆಯಲ್ಲಿ ಒಂದು ಮಗ್ಗು, ಒಂದು ಸೋಪು, ಒಬ್ಬಳು ನಾನು. ಸ್ನಾನಕ್ಕೆ ಇಬ್ಬರು ಬೇಕೆಂದು ಒಂದೂವರೆ ವರ್ಷದಿಂದ ಕೇಳುತ್ತಿದ್ದೇನೆ. ಅದಕ್ಕೆ ನಮ್ಮ ಮೇಲ್ವಿಚಾರಕರು ಏನನ್ನುತ್ತಾರೆ ಗೊತ್ತೇ? "ಸಮಾಧಾನ, ಸಮಾಧಾನ. ನೀವು ನಗ್ತಾ ಹೋಗಿ, ಅವರೂ ನಗ್ತಾರೆ." ಏನು ಕೇಳಿದರೂ ಸಮಾಧಾನದಿಂದಲೇ ಶುರು ಮಾಡುವುದರಿಂದ ನಾವೆಲ್ಲ ಅವರನ್ನು ಸಮಾಧಾನಪ್ಪ ಎನ್ನುತ್ತೇವೆ. ಬಿಸಿನೀರಿನ ಪೈಪು ಒಡೆದು ನೆಲವೆಲ್ಲ ಹೊಗೆಯಾಡಿದ ದಿನವೂ ಅವರು ಪೈಪಿಗೆ ಸಮಾಧಾನ ಹೇಳಿದವರು.

ಈಗ ನನ್ನ ತಲೆ ಕೆಡಿಸಿರುವ ವಿಷಯಕ್ಕೆ ಬರುತ್ತೇನೆ. ಕಾಯಿಲೆಯವರು ನಮ್ಮ ಮೇಲೆ ಏನಾದರೂ ಮಾಡಿದರೆ ನಾವೊಂದು ಘಟನಾ ನಮೂನೆ ತುಂಬಬೇಕು. ಏನಾಯಿತು ಎನ್ನುವುದಕ್ಕೆ ಅದರಲ್ಲಿ ಎರಡು ಸಾಲು ಜಾಗ. ಅದರ ಕೆಳಗೆ "ಪ್ರಚೋದನೆ ಏನು?" ಅದರ ಕೆಳಗೆ "ಗಾಯಗೊಂಡ ಸಿಬ್ಬಂದಿ ಬೇರೆ ಹೇಗೆ ನಡೆದುಕೊಳ್ಳಬಹುದಿತ್ತು?" ಇದಕ್ಕೆ ಒಂಬತ್ತು ಸಾಲು! ಏಟು ತಿನ್ನಲು ಎರಡು ಸಾಲು ಸಾಕು, ಪಶ್ಚಾತ್ತಾಪಕ್ಕೆ ಒಂಬತ್ತು ಬೇಕು. ಈ ನಮೂನೆ ಮಾಡಿದ ಮಹಾನುಭಾವರು ಯಾರೇ ಇರಲಿ, ಅವರಿಗೆ ಒಂದು ದಿನವಾದರೂ ಯಾರಾದರೂ ಸ್ನಾನ ಮಾಡಿಸಲಿ, ಅದೂ ತಣ್ಣೀರಿನಲ್ಲಿ.

ಇಲ್ಲಿಗೆ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇಲ್ಲಿ ಒಂದು ಪದಕೋಶವೂ ಇದೆ. ಕೆಲಸಕ್ಕೆ ಸೇರಿದ ವಾರವೇ ಸಮಾಧಾನಪ್ಪನವರು ಕಲಿಸುತ್ತಾರೆ. "ಇಲ್ಲಿ ಯಾರೂ ಹೊಡೆಯಲ್ಲ. ಕೈ ಚಲನೆ ಇರುತ್ತೆ, ಅಷ್ಟೇ." ಕಚ್ಚಿದರೆ "ಬಾಯಿಯ ಸಂಪರ್ಕ." ಬೈದರೆ "ಭಾವಾಭಿವ್ಯಕ್ತಿ." ಮುಖಕ್ಕೆ ಉಗಿದರೆ "ಲಾಲಾರಸ ಹೊರಬಂತು." ತಪಾಸಣೆಗೆ ಬರುವವರು ಕಡತ ತಿರುವಿದಾಗ ಹೊಡೆದಾಟದ ಮನೆಯಂತೆ ಕಾಣಬಾರದಲ್ಲ, ಅದಕ್ಕೆ.

ನಾನು ಈ ಭಾಷೆಯಲ್ಲಿ ಪಂಡಿತೆ. ಸುಳ್ಳಲ್ಲ, ಇಡೀ ಮಹಡಿಯಲ್ಲಿ ಯಾರಿಗೆ ಏಟು ಬಿದ್ದರೂ ನಮೂನೆ ಬರೆಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದರು. "ಚೆನ್ನಾಗಿ ಬರೀತೀಯಲ್ಲ, ನನ್ನದೊಂದು ಬರ್ಕೊಡೇ" ಎನ್ನುತ್ತಿದ್ದರು. ನಾನೂ ಉಬ್ಬಿಹೋಗಿ ಬರೆದುಕೊಡುತ್ತಿದ್ದೆ. ನಿಮ್ಮ ತಾಯಿಯವರ ಬಗ್ಗೆ ನಾನೇ ತುಂಬಿದ ಇಪ್ಪತ್ತಾರು ನಮೂನೆಗಳಿವೆ. ಜಡೆ ಎಳೆದ ದಿನದ್ದನ್ನು ಹೇಗೆ ಬರೆದೆ ಗೊತ್ತೇ? "ನಿವಾಸಿಯು ಆಸರೆಗಾಗಿ ಸಿಬ್ಬಂದಿಯ ಕೇಶವನ್ನು ಅವಲಂಬಿಸಿದರು." ಬರೆದು, ಓದಿ, ನಾನೇ ಮೆಚ್ಚಿಕೊಂಡೆ.

ಮೊನ್ನೆ ಕಚೇರಿಗೆ ಕರೆಸಿ ಇಪ್ಪತ್ತಾರನ್ನೂ ಮೇಜಿನ ಮೇಲೆ ಹರಡಿದರು. ಸಮಾಧಾನಪ್ಪನವರು ಕನ್ನಡಕ ಏರಿಸಿ, "ಇದರಲ್ಲಿ ಒಂದು ಕಡೆಯಾದ್ರೂ ಅವರು ನಿಮಗೆ ಹೊಡೆದರು ಅಂತ ಇದೆಯೇನಮ್ಮಾ?" ಎಂದರು. ಇಲ್ಲ. ಎಲ್ಲಿಯೂ ಇಲ್ಲ. ಆ ಕಡತದ ಪ್ರಕಾರ ಪಾಪದ ಮುದುಕಿಯೊಬ್ಬರು ಆಗಾಗ ಕೈ ಆಡಿಸುತ್ತಿದ್ದರು, ಒಂದು ದಿನ ರಾಕ್ಷಸಿಯೊಬ್ಬಳು ಬಂದು ಅವರ ಕೈ ಹಿಂಡಿದಳು. ನನ್ನ ಗುಂಡಿಯನ್ನು ನಾನೇ ಇಪ್ಪತ್ತಾರು ಸಲ ಅಚ್ಚುಕಟ್ಟಾಗಿ ತೋಡಿದ್ದೇನೆ.

ಅದಕ್ಕೇ ಈಗ ಪದಕೋಶ ಬದಿಗಿಟ್ಟು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ತಾಯಿ ಹೊಡೆಯುತ್ತಾರೆ. ಹೇಗೆ ಹೊಡೆಯುತ್ತಾರೆಂದರೆ, ಮೊದಲ ಏಟು ತಾವು ಕೂತ ಸ್ನಾನದ ಕುರ್ಚಿಯ ಕಂಬಿಗೆ, ಎರಡನೆಯದು ನನಗೆ. ಪ್ರತಿ ಸಲವೂ ಹಾಗೇ. ಅಂಚೆ ಕಚೇರಿಯಲ್ಲಿ ಠಸ್ಸೆಯನ್ನು ಮೊದಲು ಮಸಿಪ್ಯಾಡಿಗೆ, ಆಮೇಲೆ ಲಕೋಟೆಗೆ ಒತ್ತುತ್ತಾರಲ್ಲ, ಟಪ್ ಟಪ್, ಅದೇ ತಾಳ. ನಾವು ಅವರನ್ನು ಠಸ್ಸೆಯಮ್ಮ ಎಂದೇ ಕರೆಯುವುದು. ಎರಡನೇ ಏಟು ಬಿದ್ದ ಮೇಲೆ ಅವರು ನನ್ನ ಹಿಂದಕ್ಕೆ ನೋಡಿ, ಬಲು ಮರ್ಯಾದೆಯಿಂದ "ಮುಂದಿನವರು ಬನ್ನಿ" ಎನ್ನುತ್ತಾರೆ. ಮುಂದಿನವರೂ ನಾನೇ.

ಕಳೆದ ತಿಂಗಳು ಕೆನ್ನೆ ಊದಿಸಿಕೊಂಡು ಮನೆಗೆ ಹೋದೆ. ನಮ್ಮ ಯಜಮಾನರು ಬಡಗಿ. ಬಾಗಿಲುಗಳ ವಿಷಯದಲ್ಲಿ ಅವರಿಗೆ ಸುಳ್ಳು ಹೇಳುವುದು ಕಷ್ಟ. ಆದರೂ "ಬಾಗಿಲು ತಗುಲ್ತು" ಎಂದೆ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಯಾವ ಮರದ್ದೇ ಆ ಬಾಗಿಲು? ಐದು ಬೆರಳಿದೆ?" ನಗು ಬಂತು. ನಕ್ಕರೆ ಕೆನ್ನೆ ನೋಯಿತು. ಆಮೇಲೆ ಅಳು ಬಂತು. ನಿಮ್ಮ ಮೇಲೆ, ಸಮಾಧಾನಪ್ಪನವರ ಮೇಲೆ, ಆ ಒಂಬತ್ತು ಸಾಲಿನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವತ್ತು ಪಾತ್ರೆ ತೊಳೆದ ರಭಸಕ್ಕೆ ಎರಡು ಲೋಟ ನೆಗ್ಗಿದವು.

ಇಂತಿ,
ಕಾಗದದ ಮೇಲೆ ಇದುವರೆಗೆ ಒಂದೇಟೂ ತಿನ್ನದ
ಆ ಹೆಂಗಸು


ಏಪ್ರಿಲ್ ೩೦

ಆರೈಕೆದಾರರಿಗೆ,

ನಿಮ್ಮ ಪತ್ರ ಬಂದು ತಿಂಗಳಾಯಿತು. ಉತ್ತರಿಸಬಾರದೆಂದಿದ್ದೆ.

ಎರಡು ಪ್ರಶ್ನೆ. ಮೊದಲನೇ ಏಟಿಗೂ ಎರಡನೇ ಏಟಿಗೂ ನಡುವೆ ಎಷ್ಟು ಹೊತ್ತು ಇರುತ್ತದೆ? ಆ ನಡುವೆ ಅವರು ನಿಮ್ಮ ಮುಖ ನೋಡುತ್ತಾರೋ, ಇಲ್ಲವೋ?

ನೀವು ಹೇಳಿದ ನಮೂನೆಯ ಒಂದು ಖಾಲಿ ಪ್ರತಿ ಕಳಿಸಿ.

ಇಂತಿ,
ರೋಗಿಯ ಮಗಳು


ಮೇ ೬

ಮಾನ್ಯರೇ,

ನಲವತ್ತು ದಿನ ನಾನು ಅಂಚೆಯವರ ದಾರಿ ಕಾದೆ. ಬಂದದ್ದು ನಾಲ್ಕೂವರೆ ಸಾಲು. ಅದರಲ್ಲೂ "ಹೇಗಿದ್ದೀರಿ" ಎಂದಿಲ್ಲ, "ಅಮ್ಮ ಹೇಗಿದ್ದಾರೆ" ಎಂದೂ ಇಲ್ಲ. ಪರೀಕ್ಷೆಯಲ್ಲಿ ಕೇಳುವಂತೆ ಎರಡು ಪ್ರಶ್ನೆ! ಬೇರೆಯವರಾಗಿದ್ದರೆ ಉತ್ತರಪತ್ರಿಕೆ ಖಾಲಿ ಬಿಡುತ್ತಿದ್ದೆ.

ಒಂದನೇ ಪ್ರಶ್ನೆಗೆ ಉತ್ತರ: ಒಂದು ಉಸಿರಿನಷ್ಟು. ಎರಡನೆಯದಕ್ಕೆ: ನೋಡುತ್ತಾರೆ. ಕಂಬಿಗೆ ಹೊಡೆದ ಮೇಲೆ ಒಂದು ಉಸಿರಿನಷ್ಟು ಹೊತ್ತು ನನ್ನ ಮುಖವನ್ನೇ ನೋಡುತ್ತಾರೆ. ನನಗೆ ಅರ್ಥವಾಯಿತು ತಾನೆ ಎಂದು ಖಚಿತ ಮಾಡಿಕೊಳ್ಳುವ ಹಾಗೆ. ಹಿಂದಕ್ಕೆ ಸರಿಯಲು ಅಷ್ಟು ಹೊತ್ತು ಸಾಕು. ಆದರೆ ನಾನು ಸರಿದರೆ ಅವರು ಒದ್ದೆ ನೆಲಕ್ಕೆ ಬೀಳುತ್ತಾರೆ. ಆದ್ದರಿಂದ ನಿಲ್ಲುತ್ತೇನೆ. ಇದಕ್ಕೆ ಪದಕೋಶದಲ್ಲಿ ಪದವಿಲ್ಲ, ನಮೂನೆಯಲ್ಲಿ ಸಾಲಿಲ್ಲ.

ಖಾಲಿ ನಮೂನೆ ಜೊತೆಗಿದೆ. ಯಾಕೆ ಬೇಕೋ ತಿಳಿಯದು. ಗಾಳಿಪಟ ಮಾಡುವುದಾದರೆ ಬಾಲ ಉದ್ದ ಇರಲಿ.

ಈ ವಾರ ನಮಗೆಲ್ಲ ತರಬೇತಿ ನಡೆಯಿತು. ಸಮಾಧಾನಪ್ಪನವರು ಗೋಡೆಯ ಮೇಲೆ ಒಂದು ನಗುಮುಖದ ಚಿತ್ರ ಅಂಟಿಸಿ, ಏಟು ಬೀಳುವ ಮುನ್ನ ಅದನ್ನು ನೆನೆಸಿಕೊಳ್ಳಿ ಎಂದರು. ಬಟ್ಟೆ ಒಗೆಯುವ ವಿಭಾಗದಾಕೆ ಎದ್ದು ನಿಂತು, "ಸಾರ್, ಏಟು ಬಿದ್ದ ಮೇಲೆ ಯಾವ ಮುಖ ನೆನೆಸ್ಕೋಬೇಕು, ನಿಮ್ಮದಾ?" ಎಂದಳು. ತರಬೇತಿ ಅಲ್ಲಿಗೇ ಮುಗಿಯಿತು. ಚಹಾ ಕೂಡ ಕೊಡಲಿಲ್ಲ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಈಗ ಹೇಳಬೇಕಾದದ್ದು ಹೇಳದೆ ಈ ಕಾಗದ ಮಡಿಸಲು ಕೈ ಬರುತ್ತಿಲ್ಲ. ಯಜಮಾನರಿಗೂ ಹೇಳಿಲ್ಲ. ಫೆಬ್ರುವರಿ ಹನ್ನೊಂದರಂದು ನಾನು ನಿಮ್ಮ ತಾಯಿಯ ಮಣಿಕಟ್ಟು ಹಿಡಿದದ್ದು ಜಡೆ ಬಿಡಿಸಿಕೊಳ್ಳಲು. ಅವರು ಜಡೆ ಬಿಟ್ಟರು. ಅವರು ಬಿಟ್ಟ ಮೇಲೂ ನಾನು ಬಿಡಲಿಲ್ಲ. ಕೈ ಸಡಿಲಿಸುವ ಬದಲು ಇನ್ನಷ್ಟು ಬಿಗಿ ಮಾಡಿದೆ. ಅವರ ಮುಖ ನೋಡುತ್ತಾ ಬಿಗಿ ಮಾಡಿದೆ. ಎಷ್ಟು ಹೊತ್ತು ಎಂದು ಕೇಳುತ್ತೀರೇನೋ. ಅದೇ, ಒಂದು ಉಸಿರಿನಷ್ಟು.

ಆ ನೀಲಿ ಜಡೆಯ ಲೆಕ್ಕಕ್ಕೆ ಸೇರಿದ್ದಲ್ಲ. ಆ ಉಸಿರಿಗೆ ಸೇರಿದ್ದು.

ಈ ಕಾಗದವನ್ನು ಇಪ್ಪತ್ತೆಂಟಕ್ಕೆ ವಿಚಾರಣೆಯವರ ಮುಂದಿಟ್ಟರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತದೆ. ಇಡಿ ಎಂದೂ ಹೇಳುವುದಿಲ್ಲ, ಬೇಡ ಎಂದು ಬೇಡಿಕೊಳ್ಳುವುದೂ ಇಲ್ಲ. ಬೇಡಿಕೊಳ್ಳುವಷ್ಟು ಸಮಾಧಾನ ನನ್ನಲ್ಲಿ ಉಳಿದಿಲ್ಲ.

ಇಂತಿ,
ಆ ಹೆಂಗಸು


ಮೇ ೨೦

ಅಮ್ಮನನ್ನು ನೋಡಿಕೊಳ್ಳುವವರಿಗೆ,

ನಮೂನೆ ತುಂಬಿದ್ದೇನೆ. ವಿಚಾರಣೆಯವರಿಗೆ ಮೂಲ ಪ್ರತಿ ಹೋಗಿದೆ. ನಿಮಗೆ ಅದರಲ್ಲಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಿನಾಂಕ: ನೆನಪಿಲ್ಲ. ನನಗೆ ಒಂಬತ್ತು ವರ್ಷ.
ವೇಳೆ: ಸಂಜೆ, ಅಮ್ಮ ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ.
ಸ್ಥಳ: ಅಡುಗೆಮನೆಯ ಮೇಜಿನ ಪಕ್ಕ.
ಏನಾಯಿತು: ಅಮ್ಮ ಹೊಡೆದಳು. ಮೊದಲು ಮೇಜಿಗೆ, ಆಮೇಲೆ ನನಗೆ.
ಪ್ರಚೋದನೆ ಏನು: ಊಟದ ಡಬ್ಬಿಯ ಮುಚ್ಚಳವನ್ನು ಶಾಲೆಯಲ್ಲಿ ಬಿಟ್ಟು ಬಂದಿದ್ದೆ.
ಗಾಯಗೊಂಡವರು ಬೇರೆ ಹೇಗೆ ನಡೆದುಕೊಳ್ಳಬಹುದಿತ್ತು: ಮೂವತ್ತೆಂಟು ವರ್ಷದಿಂದ ಯೋಚಿಸುತ್ತಿದ್ದೇನೆ.

ಉಳಿದ ಎಂಟು ಸಾಲು ಖಾಲಿ ಬಿಟ್ಟಿದ್ದೇನೆ.

ಕಾಯಿಲೆ ಬಂದು ಐದು ವರ್ಷವಾಯಿತು. ಆ ಎರಡು ಏಟಿಗೆ ನನ್ನಷ್ಟೇ ವಯಸ್ಸು. ಅಂಚೆ ಕಚೇರಿಯಲ್ಲಿ "ಮುಂದಿನವರು ಬನ್ನಿ" ಎಂದರೆ ಬರಲು ಜನ ಇರುತ್ತಿದ್ದರು. ಮನೆಯ ಸರತಿಯಲ್ಲಿ ನಾನೊಬ್ಬಳೇ ಇದ್ದೆ.

ಮರುದಿನ ಶಾಲೆಯಲ್ಲಿ ಟೀಚರ್ ನನ್ನ ಕೆನ್ನೆ ನೋಡಿದರು. "ಬಾಗಿಲು ತಗುಲ್ತು" ಎಂದೆ. "ನೋಡ್ಕೊಂಡು ನಡಿ ಮಗು" ಎಂದು ಪಾಠ ಮುಂದುವರಿಸಿದರು. ನಿಮ್ಮ ಯಜಮಾನರು ಯಾವ ಮರದ್ದು ಎಂದು ಕೇಳಿದರು. ಆ ಸಾಲು ಓದಿ ಪತ್ರವನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ತಿಂಗಳು ಉತ್ತರ ಬರೆಯದಿದ್ದದ್ದಕ್ಕೆ ಕಾರಣ ಅದು.

ದೂರಿನಲ್ಲಿ "ಯಾರ ಮೇಲೂ ಕೈ ಎತ್ತಿದವರಲ್ಲ" ಎಂದು ಬರೆದದ್ದು ನಿಮ್ಮನ್ನು ಸಿಕ್ಕಿಸಲು ಅಲ್ಲ. ಅದು ಚಿಕ್ಕಂದಿನಿಂದ ಬಾಯಿಪಾಠ. ನೆಂಟರಿಗೆ, ಪಕ್ಕದ ಮನೆಯವರಿಗೆ, ಡಾಕ್ಟರಿಗೆ, ಎಲ್ಲರಿಗೂ ಅದೇ ವಾಕ್ಯ. ನಿಮ್ಮಲ್ಲಿರುವ ಪದಕೋಶ ನಮ್ಮ ಮನೆಯಲ್ಲೂ ಇತ್ತು. "ಅಮ್ಮನಿಗೆ ಸ್ವಲ್ಪ ಕೋಪ ಜಾಸ್ತಿ" ಎಂಬುದು ಅದರ ಮೊದಲ ಪದ. ನಾನೂ ಪಂಡಿತೆ.

ಆ ಫೋಟೋ ಬಂದಾಗ ನನಗೆ ಮೊದಲು ಬಂದದ್ದು ಕೋಪವಲ್ಲ. ಏನು ಬಂತೆಂದು ಇಲ್ಲಿ ಬರೆಯುವುದಿಲ್ಲ, ಮಗಳಾದವಳಿಗೆ ಬರಬಾರದ್ದು. ಅದು ಬಂತಲ್ಲ ಎಂಬ ಕೋಪದಲ್ಲಿ ದೂರು ಬರೆದೆ.

ನಾನು ಯಾಕೆ ಬರುವುದಿಲ್ಲ ಎಂದು ನಿಮಗೆ ಸಿಟ್ಟು. ಕಾರಿನಲ್ಲಿ ಕಲಿಯುವವರು ಗೇರಿಗೆಂದು ಕೈ ಎತ್ತಿದಾಗಲೆಲ್ಲ ನನ್ನ ಭುಜ ತಾನಾಗಿ ಬಾಗಿಲ ಕಡೆ ಸರಿಯುತ್ತದೆ. ಹತ್ತೊಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ, ಇನ್ನೂ ಸರಿಯುತ್ತದೆ. ಕಾಲ ಕೆಳಗಿನ ಬ್ರೇಕ್ ಅದಕ್ಕೆ ಹಿಡಿಯುವುದಿಲ್ಲ.

ನೀವು ಬರೆದ ಆ ಒಂದು ಉಸಿರಿನ ವಿಷಯ. ಆ ಕಾಗದವನ್ನು ವಿಚಾರಣೆಗೆ ಕಳಿಸಿಲ್ಲ. ಆದರೆ ಅದನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ. ಕ್ಷಮಿಸಲು ಶುರು ಮಾಡಿದರೆ ಆ ಸರತಿ ಎಲ್ಲಿ ಮುಗಿಯುತ್ತದೋ ಗೊತ್ತಿಲ್ಲ. ದೂರನ್ನೂ ಹಿಂತೆಗೆದುಕೊಂಡಿಲ್ಲ. ತಿದ್ದಿದ್ದೇನೆ. ಸುಳ್ಳು ವಾಕ್ಯವನ್ನು ಹೊಡೆದು ಹಾಕಿದ್ದೇನೆ. "ತೆಗೆಯಬೇಕು" ಎಂಬಲ್ಲಿ "ಸ್ನಾನಕ್ಕೆ ಇಬ್ಬರು ಇರಬೇಕು" ಎಂದು ಬರೆದಿದ್ದೇನೆ. ಆ ಉಸಿರಿನ ಮಾತು ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಇಂತಿ,
ಅವಳ ಮಗಳು


ಜೂನ್ ೨

ಅಕ್ಕಾ,

ಮೇಡಂ ಎನ್ನೋಣವೆಂದು ಕೂತೆ, ಪೆನ್ನು ಒಪ್ಪಲಿಲ್ಲ. ನೀವು ನನಗಿಂತ ಮೂರು ವರ್ಷಕ್ಕೆ ದೊಡ್ಡವರು, ಆದ್ದರಿಂದ ಸಹಿಸಿಕೊಳ್ಳಿ.

ವಿಚಾರಣೆ ಮುಗಿಯಿತು. ಅಧ್ಯಕ್ಷೆಯಾಗಿ ಬಂದವರು ಸಣ್ಣಗೆ ಕುಳ್ಳಗಿದ್ದ ಒಬ್ಬ ಹೆಂಗಸು, ಹೊರಗಿನವರು. ಮೊದಲು ನನ್ನ ಇಪ್ಪತ್ತಾರು ನಮೂನೆಗಳನ್ನು ಓದಿದರು. "ಕೇಶವನ್ನು ಅವಲಂಬಿಸಿದರು" ಎಂಬಲ್ಲಿ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ಒಂದು ಸಲ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ನಿಮ್ಮ ನಮೂನೆ ತೆಗೆದು ಗಟ್ಟಿಯಾಗಿ ಓದಿದರು.

ಸಮಾಧಾನಪ್ಪನವರು ಗಂಟಲು ಸರಿಮಾಡಿಕೊಂಡರು. "ಸಮಾಧಾನ, ಸಮಾಧಾನ. ಇದು ಸಿಬ್ಬಂದಿ ತುಂಬೋ ನಮೂನೆ ಮೇಡಂ. ಒಂಬತ್ತು ವರ್ಷದ ಹುಡುಗಿ ನಮ್ಮ ಸಿಬ್ಬಂದಿ ಅಲ್ಲ."

"ಹೌದು ರೀ," ಎಂದರು ಅಧ್ಯಕ್ಷೆ. "ಅದಕ್ಕೇ ಅವಳು ನಿಮ್ಮ ಹತ್ರ ಮಾತು ಕಲಿತಿಲ್ಲ. ಏನಾಯ್ತೋ ಅದನ್ನೇ ಬರೆದಿದ್ದಾಳೆ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಇಪ್ಪತ್ತೈದು ಸಲ ಕೈ ಚಲನೆ ಅಂತ ಇದೆ. ಇದರಲ್ಲಿ ಎಷ್ಟು ಸಲ ಹೊಡೆದಿದ್ದಾರೆ?"

"ಇಪ್ಪತ್ತೈದು ಸಲವೂ. ಇನ್ನೊಂದು ಸಲ ಜಡೆ."

"ಮತ್ತೆ ಯಾಕಮ್ಮ ಹೀಗೆ ಬರೆದೆ?"

"ಚೆನ್ನಾಗಿ ಬರೀತೀನಿ ಅಂತ ಎಲ್ಲರೂ ಹೇಳ್ತಿದ್ರು ಮೇಡಂ," ಎಂದೆ. ನಿಜ ಅದೇ ಅಲ್ಲವೇ?

ಅಲ್ಲಿಗೆ ಗೆದ್ದಿದ್ದೆ ಅಕ್ಕಾ. ಸುಮ್ಮನೆ ಎದ್ದು ಬರಬಹುದಿತ್ತು. ಬಾಗಿಲವರೆಗೆ ಬಂದೆ ಕೂಡ. ಆದರೆ ನಿಮ್ಮ ಆ ಖಾಲಿ ಎಂಟು ಸಾಲು ಕಣ್ಣ ಮುಂದೆ ಬಂದು ನಿಂತವು. ನಿಮ್ಮ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ದೂರು ಕೊಟ್ಟಾಗಲೂ ಬಂದಿರಲಿಲ್ಲ. ನೀವು ನಿಜ ಬರೆದಿಟ್ಟು ನನಗೆ ಮುಚ್ಚಿಡುವ ದಾರಿಯನ್ನೇ ಮುಚ್ಚಿದ್ದಿರಿ. ವಾಪಸ್ ಹೋಗಿ ನಿಂತು ಆ ಉಸಿರಿನ ಮಾತು ಹೇಳಿಬಿಟ್ಟೆ. ಅವರು ಬಿಟ್ಟ ಮೇಲೂ ಬಿಡಲಿಲ್ಲ ಎಂದೆ. ಬಿಗಿ ಮಾಡಿದೆ ಎಂದೆ. ಪದಕೋಶದ ಒಂದು ಪದವನ್ನೂ ಬಳಸಲಿಲ್ಲ.

ಅಧ್ಯಕ್ಷೆ ತುಂಬಾ ಹೊತ್ತು ಬರೆದರು. ಆ ಉಸಿರಿಗಾಗಿ ನನ್ನ ಕಡತಕ್ಕೆ ಒಂದು ಎಚ್ಚರಿಕೆ ಪತ್ರ ಬಿದ್ದಿದೆ. ಅದು ನ್ಯಾಯವೇ. ಕೆಲಸ ಉಳಿದಿದೆ. ಇನ್ನು ಮುಂದೆ ಏಳನೇ ಕೊಠಡಿಯ ಸ್ನಾನಕ್ಕೆ ಇಬ್ಬರು. ಪದಕೋಶ ರದ್ದು. ಆ ಒಂಬತ್ತು ಸಾಲಿನ ಬಗ್ಗೆ "ಪರಿಶೀಲಿಸಲಾಗುವುದು" ಎಂದಿದ್ದಾರೆ, ಅಂದರೆ ಅವು ನನ್ನ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತವೆ.

ಈಗ ನಿಮಗೆ ಒಂದು ಸಿಹಿಸುದ್ದಿ. ಎರಡನೆಯವರನ್ನು ನೇಮಿಸುವವರೆಗೆ ಆ ಜಾಗಕ್ಕೆ ಯಾರು ನಿಲ್ಲಬೇಕೆಂದು ಪ್ರಶ್ನೆ ಬಂತು. ಬಟ್ಟೆ ಒಗೆಯುವ ವಿಭಾಗದಾಕೆ ಸಮಾಧಾನಪ್ಪನವರ ಕಡೆ ನೋಡಿ, "ಸಾರ್ ಇದ್ದಾರಲ್ಲ, ಕುರ್ಚಿ ಹಿಡ್ಕೊಳ್ಳೋಕೆ ಒಬ್ಬರು ಸಾಕು, ನಗುಮುಖ ಬೇರೆ" ಎಂದಳು. ಸೋಮವಾರ ಬೆಳಗ್ಗೆ ಎಂಟೂಕಾಲಿಗೆ ಅವರು ಕುರ್ಚಿಯ ಹಿಂದೆ ನಿಂತರು. ನಿಮ್ಮ ತಾಯಿಯವರ ಮುಖ ನಾನು ತೊಳೆದೆ. ಕಂಬಿಯ ಮೇಲೆ ಟಪ್ ಎಂದಿತು. ನನಗೆ ಗೊತ್ತಿತ್ತು, ಸಮಾಧಾನಪ್ಪನವರಿಗೆ ಗೊತ್ತಿರಲಿಲ್ಲ. ಅವರು ಸದ್ದೇನೆಂದು ನೋಡಲು ಬಗ್ಗಿದರು.

ಎರಡನೆಯದು ಬಿತ್ತು. ಠಸ್ಸೆಯಮ್ಮ ಅವರ ಹಿಂದಕ್ಕೆ ನೋಡಿ, "ಮುಂದಿನವರು ಬನ್ನಿ" ಎಂದರು.

ಸಮಾಧಾನಪ್ಪನವರು ಆಚೆ ಬಂದು ಒದ್ದೆ ಟವೆಲನ್ನು ಕೆನ್ನೆಗೆ ಒತ್ತಿಕೊಂಡು ಕೂತರು. ನಾನು ನಮೂನೆ ತೆಗೆದೆ. "ಏನಾಯ್ತು ಅಂತ ಬರೀಲಿ ಸಾರ್? ಕೈ ಚಲನೆ ಅಂತಲಾ?"

"ಹೊಡೆದ್ರು ಅಂತ ಬರೀರೀ!" ಇಡೀ ಮಹಡಿಗೆ ಕೇಳುವಂತೆ ಕೂಗಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಸಮಾಧಾನ ಬರಲಿಲ್ಲ.

"ಪ್ರಚೋದನೆ ಏನು ಅಂತ ಬರೀಲಿ?"

ಅವರು ಟವೆಲಿನ ಹಿಂದಿನಿಂದ ನನ್ನನ್ನು ನೋಡಿದರು. ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಕಳಿಸಿದೆ.

ನಕ್ಕೆ, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಇಳಿದಿಲ್ಲ. ಈಗ ಅದು ಯಾರ ಮೇಲೆ ಎಂದು ಹುಡುಕುತ್ತಿದ್ದೇನೆ. ನಿಮ್ಮ ತಾಯಿಯವರ ಕೂದಲು ಒರೆಸುವಾಗ ಆ ಊಟದ ಡಬ್ಬಿಯ ಮುಚ್ಚಳ ನೆನಪಾಗುತ್ತದೆ, ಕೈ ಬಿಗಿಯಾಗುತ್ತದೆ. ಆಗ ಟವೆಲನ್ನು ಎರಡನೆಯವರ ಕೈಗೆ ಕೊಟ್ಟು ಕಾರಿಡಾರಿನ ಕೊನೆಯವರೆಗೆ ನಡೆದು ಬರುತ್ತೇನೆ. ಇಬ್ಬರಿದ್ದರೆ ಅಷ್ಟು ಅನುಕೂಲ.

ಬನ್ನಿ ಎಂದು ಮೊದಲ ಪತ್ರದಲ್ಲಿ ಜಬರದಸ್ತು ಮಾಡಿದ್ದೆ. ಅದನ್ನು ಹೊಡೆದು ಹಾಕಿ. ಬರದಿದ್ದರೆ, ಯಾಕೆ ಬರಲಿಲ್ಲ ಎಂದು ಕೇಳುವ ಸಾಲು ನನ್ನ ಯಾವ ನಮೂನೆಯಲ್ಲೂ ಇಲ್ಲ.

ಇಂತಿ,
ಇನ್ನೂ ಕೆಲಸದಲ್ಲಿರುವ
ಆ ಹೆಂಗಸು


ಜುಲೈ ೧೯

ಆ ಹೆಂಗಸಿಗೆ,

ಸಮಾಧಾನಪ್ಪನವರ ಕೆನ್ನೆಯ ಭಾಗವನ್ನು ನಾಲ್ಕು ಸಲ ಓದಿದೆ. ಐದನೇ ಸಲ ಕಾರಿನಲ್ಲಿ ಕುಳಿತು ಓದುತ್ತಿದ್ದಾಗ ಕಲಿಯಲು ಬಂದ ಹುಡುಗಿ, "ಮೇಡಂ, ನೀವು ನಗೋದು ನಾನು ನೋಡೇ ಇರಲಿಲ್ಲ" ಎಂದು ಗಾಬರಿಯಾಗಿ ಗಾಡಿಯನ್ನು ಫುಟ್‌ಪಾತಿಗೆ ಹತ್ತಿಸಿದಳು. ಬ್ರೇಕ್ ಒತ್ತಿದೆ. ಯಾರಿಗೂ ಏನೂ ಆಗಲಿಲ್ಲ.

ನಾನು ಬರುವುದಿಲ್ಲ. ಮುಂದೆ ಯಾವತ್ತಾದರೂ ಬರುತ್ತೇನೋ, ಅದೂ ಗೊತ್ತಿಲ್ಲ. ಅಮ್ಮನ ಸ್ನಾನದ ಕೋಣೆಯಲ್ಲಿ ಈಗ ಇಬ್ಬರಿದ್ದಾರೆ, ಅಷ್ಟು ಸಾಕು. ಕೈ ಬಿಗಿಯಾದಾಗ ನಡೆದುಬಿಡಿ. ಕಾರಿಡಾರ್ ಸಾಲದಿದ್ದರೆ ಮೆಟ್ಟಿಲಿಳಿದು ಹೋಗಿ.

ಒಂದು ಸಹಾಯ ಆಗಬೇಕು. ಆ ನಮೂನೆಗಳು ಕಟ್ಟುಗಳಲ್ಲಿ ಬರುತ್ತವೆ ಅಲ್ಲವೇ? ಖಾಲಿ ಇರುವುದು ಇನ್ನೂ ಬೇಕು. ಮೊದಲನೆಯದರಲ್ಲಿ ಒಂದು ಸಂಜೆ ಮಾತ್ರ ಹಿಡಿಯಿತು.

ಒಂದು ಕಟ್ಟಿನಲ್ಲಿ ಎಷ್ಟಿರುತ್ತವೋ ತಿಳಿಯದು. ನೂರು ಇದ್ದರೆ ಎರಡು ಕಟ್ಟು ಕಳಿಸಿ.

ಇಂತಿ,
ನಿಮ್ಮ ಅಕ್ಕ